ರೆಕ್ಕೆಗೆ ಬಂದ ಬೆಲೆ: ಕೋಳಿಮಾಂಸದ ವ್ಯಾಪಾರದಲ್ಲಿ ಅಭಿರುಚಿ ಮತ್ತು ಜಂಟಿ ವೆಚ್ಚ

ಒಂದು ಕೋಳಿಗೆ ಎರಡೇ ರೆಕ್ಕೆ. ರೆಕ್ಕೆಗೆ ಬೇಡಿಕೆ ಎಷ್ಟೇ ಏರಿದರೂ ಮೂರನೆಯದನ್ನು ಉತ್ಪಾದಿಸಲು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ರೆಕ್ಕೆ ಹೆಚ್ಚು ಬೇಕೆಂದರೆ ಕೋಳಿಯನ್ನೇ ಹೆಚ್ಚು ಸಾಕಬೇಕು. ಹಾಗೆ ಸಾಕಿದಾಗ ಎದೆ, ಕಾಲು, ಬೆನ್ನು, ಕುತ್ತಿಗೆಗಳೂ ಅದೇ ಪ್ರಮಾಣದಲ್ಲಿ ಮಾರುಕಟ್ಟೆಗೆ ಬರುತ್ತವೆ. ಅವುಗಳಿಗೆ ಗಿರಾಕಿ ಇರುವನೋ ಇಲ್ಲವೋ ಎಂಬುದು ಬೇರೆಯ ಪ್ರಶ್ನೆ. ಒಂದೇ ಕಚ್ಚಾ ಸರಕಿನಿಂದ ಹಲವು ಸರಕುಗಳು ಒಟ್ಟಿಗೆ ಹೊರಬೀಳುವ ಎಲ್ಲ ಉದ್ಯಮಗಳಿಗೂ ಈ ತೊಡಕು ಇದ್ದೇ ಇದೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಕೋಳಿ ರೆಕ್ಕೆಯ ವ್ಯಾಪಾರದಲ್ಲಿ ಅದು ಕಾಣಿಸಿಕೊಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

ಆ ದೇಶದ ಜನರು ರೆಕ್ಕೆಯ ಯಾವ ತುಂಡು ಉತ್ತಮ, ಯಾವ ಬಗೆಯಲ್ಲಿ ಕರಿದದ್ದು ಉತ್ತಮ ಎಂಬ ವಿಷಯದಲ್ಲಿ ಗಂಭೀರವಾಗಿಯೇ ವಾದಿಸುತ್ತಾರೆ. ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ವಾರಾಂತ್ಯದಲ್ಲಿ ಈ ವಾದ ತಾರಕಕ್ಕೇರುತ್ತದೆ. 2025ರ ಪಂದ್ಯದ ಸಂದರ್ಭದಲ್ಲಿ ಸುಮಾರು 147 ಕೋಟಿ ರೆಕ್ಕೆಗಳು ಖರ್ಚಾಗಬಹುದೆಂದು ಅಲ್ಲಿನ ಕೋಳಿ ಉದ್ಯಮದ ಸಂಘಟನೆಯಾದ ನ್ಯಾಷನಲ್ ಚಿಕನ್ ಕೌನ್ಸಿಲ್ ಅಂದಾಜು ಮಾಡಿತ್ತು. ತಿನ್ನುವವರ ವಾದವು ರುಚಿಗೆ ಸಂಬಂಧಿಸಿದ್ದು. ಆದರೆ ಪ್ರತಿಯೊಂದು ರುಚಿಯ ಹಿಂದೆಯೂ ಒಂದು ವೆಚ್ಚವಿದೆ, ಮತ್ತು ಅದನ್ನು ಯಾರಾದರೊಬ್ಬರು ಭರಿಸಲೇಬೇಕಾಗುತ್ತದೆ.

ಸೂಪಿನ ಪಾತ್ರೆಯಿಂದ ಮೇಜಿನ ಮೇಲಕ್ಕೆ

ಕಳೆದ ಶತಮಾನದ ಅರುವತ್ತರ ದಶಕದವರೆಗೆ ಅಮೆರಿಕದಲ್ಲಿ ರೆಕ್ಕೆಗೆ ಹೇಳಿಕೊಳ್ಳುವಂತಹ ಬೆಲೆ ಇರಲಿಲ್ಲ. ಅದು ಬೆನ್ನು, ಕುತ್ತಿಗೆಗಳ ಜೊತೆಯಲ್ಲಿ ಸೂಪಿನ ಪಾತ್ರೆಗೆ ಹೋಗುವ ತುಂಡಾಗಿತ್ತು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಆಂಕರ್ ಬಾರ್ ಎಂಬ ಉಪಾಹಾರ ಮಂದಿರದಲ್ಲಿ 1964ರಲ್ಲಿ ಅದರ ಒಡತಿ ಟೆರೆಸಾ ಬೆಲಿಸ್ಸಿಮೊ ಅವರು ರೆಕ್ಕೆಗಳನ್ನು ತುಂಡರಿಸಿ, ಹಿಟ್ಟು ಹಚ್ಚದೆ ಎಣ್ಣೆಯಲ್ಲಿ ಕರಿದು, ಖಾರದ ಸಾಸಿನಲ್ಲಿ ಹೊರಳಿಸಿ ಬಡಿಸಿದರೆಂಬುದು ಹೆಚ್ಚು ಪ್ರಚಲಿತವಾದ ವೃತ್ತಾಂತ. ಜೊತೆಗೆ ಸೆಲರಿ ಕಡ್ಡಿ ಮತ್ತು ಬ್ಲೂ ಚೀಸ್‌ನ ಗಟ್ಟಿ ಗೊಜ್ಜು. ಈ ವೃತ್ತಾಂತದಲ್ಲಿಯೂ ಒಮ್ಮತವಿಲ್ಲ. ಸಾಸಿಗಾಗಿ ಬೆನ್ನು, ಕುತ್ತಿಗೆ ತರಿಸಿದ್ದಾಗ ತಪ್ಪಾಗಿ ರೆಕ್ಕೆಗಳು ಬಂದವೆಂದು ಆಕೆಯ ಪತಿ ಫ್ರಾಂಕ್ ಹೇಳಿದ್ದರೆ, ಶುಕ್ರವಾರ ಮಾಂಸ ತಿನ್ನದ ಕ್ಯಾಥೊಲಿಕ್ ಗಿರಾಕಿಗಳಿಗೆ ಮಧ್ಯರಾತ್ರಿ ಕಳೆದ ಮೇಲೆ ಏನಾದರೂ ಕೊಡಬೇಕೆಂದು ಮಾಡಿದ್ದೆಂದು ಮಗ ಡೊಮಿನಿಕ್ ಹೇಳಿದ್ದರು. 1980ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಈ ಇತಿಹಾಸವನ್ನು ಬರೆದ ಕಾಲ್ವಿನ್ ಟ್ರಿಲಿನ್ ಅವರು ಎರಡೂ ಕಥೆಗಳನ್ನು ದಾಖಲಿಸಿದ್ದಾರೆ.

ಅದೇ ನಗರದಲ್ಲಿ ಅದೇ ದಶಕದಲ್ಲಿ ಜಾನ್ ಯಂಗ್ ಎಂಬ ಕಪ್ಪುಜನಾಂಗದ ವ್ಯಾಪಾರಿಯು ರೆಕ್ಕೆಯನ್ನು ತುಂಡರಿಸದೆ, ಇಡಿಯಾಗಿ, ಹಿಟ್ಟಿನ ಹೊದಿಕೆಯೊಡನೆ ಕರಿದು, ಮಾಂಬೊ ಸಾಸ್ ಎಂಬ ಸಿಹಿಖಾರದ ಸಾಸಿನೊಡನೆ ಮಾರುತ್ತಿದ್ದರು. ಎಂದರೆ, ಇಡಿಯೋ ತುಂಡೋ, ಹೊದಿಕೆ ಬೇಕೋ ಬೇಡವೋ ಎಂಬ ವಾದವು ಈ ವ್ಯಾಪಾರದಷ್ಟೇ ಹಳೆಯದು. ಬಫಲೋ ನಗರಾಡಳಿತವು 1977ರ ಜುಲೈ 29ನ್ನು ‘ಕೋಳಿ ರೆಕ್ಕೆಯ ದಿನ’ವೆಂದು ಘೋಷಿಸಿದಾಗ ಮನ್ನಣೆ ದೊರೆತದ್ದು ಆಂಕರ್ ಬಾರಿನ ಪದ್ಧತಿಗೆ. ವ್ಯಾಪಾರದಲ್ಲಿ ಮೊದಲು ಮಾಡಿದವನಿಗಿಂತ ಕೊನೆಯವರೆಗೆ ಅಂಗಡಿ ತೆರೆದಿಟ್ಟವನ ಹೆಸರು ಉಳಿಯುವುದು ಹೊಸತೇನಲ್ಲ. ಯಂಗ್ ಅವರು 1970ರ ಸುಮಾರಿಗೆ ಊರು ಬಿಟ್ಟಿದ್ದರು.

ಆ ಕಾಲದಲ್ಲಿ ಬಾರುಗಳು ರೆಕ್ಕೆಯನ್ನು ಮೆಚ್ಚಿದ್ದಕ್ಕೆ ಸರಳವಾದ ಕಾರಣವಿತ್ತು: ಅದು ಅಗ್ಗವಾಗಿತ್ತು, ಮತ್ತು ಅದರ ಉಪ್ಪು-ಖಾರವು ಬಿಯರಿನ ಮಾರಾಟವನ್ನು ಹೆಚ್ಚಿಸುತ್ತಿತ್ತು. ಎಂಬತ್ತರ ದಶಕದಲ್ಲಿ ಅಮೆರಿಕದ ಗೃಹಿಣಿಯರು ಚರ್ಮ, ಮೂಳೆ ತೆಗೆದ ಎದೆಮಾಂಸದ ಕಡೆಗೆ ಒಲಿದಂತೆ ಕೋಳಿಯನ್ನು ಇಡಿಯಾಗಿ ಮಾರುವುದು ಕಡಿಮೆಯಾಗಿ, ಉಳಿದ ರೆಕ್ಕೆಗಳು ಸಂಸ್ಕರಣಾ ಘಟಕಗಳಲ್ಲಿ ರಾಶಿ ಬಿದ್ದವು. ಈ ಅಗ್ಗದ ರಾಶಿಯ ಮೇಲೆಯೇ ರೆಕ್ಕೆಗೆಂದು ಮೀಸಲಾದ ಸರಣಿ ಹೋಟೆಲುಗಳು ಬೆಳೆದವು. 1982ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಬಫಲೋ ವೈಲ್ಡ್ ವಿಂಗ್ಸ್, 1994ರಲ್ಲಿ ಟೆಕ್ಸಸ್‌ನ ಗಾರ್ಲೆಂಡ್‌ನಲ್ಲಿ ವಿಂಗ್‌ಸ್ಟಾಪ್ ಆರಂಭವಾದವು. ಉಪಉತ್ಪನ್ನವನ್ನೇ ನಂಬಿದ ಈ ಸಂಸ್ಥೆಗಳ ಯಶಸ್ಸು ಆ ಉಪಉತ್ಪನ್ನವನ್ನು ಮುಖ್ಯ ಸರಕಾಗಿಸಿತು. ಅಗ್ಗದ ಕಾಲವು ಅಲ್ಲಿಗೆ ಮುಗಿಯಿತು.

ಮೂರು ಗೆಣ್ಣು, ಎರಡು ಪಕ್ಷ

ರೆಕ್ಕೆಯಲ್ಲಿ ಮೂರು ಭಾಗಗಳಿವೆ. ಹೆಗಲಿಗೆ ಹೊಂದಿದ ಭಾಗವು ಒಂದೇ ಮೂಳೆಯ, ಚಿಕ್ಕ ಕಾಲಿನಂತೆ ಕಾಣುವ ತುಂಡು. ಇದಕ್ಕೆ ಅಲ್ಲಿ ‘ಡ್ರಮ್’ ಎನ್ನುತ್ತಾರೆ. ನಡುವಿನದು ಸಮಾನಾಂತರವಾದ ಎರಡು ತೆಳು ಮೂಳೆಗಳ ಚಪ್ಪಟೆ ತುಂಡು; ಅದು ‘ಫ್ಲ್ಯಾಟ್’. ಕೊನೆಯದು ಮಾಂಸವಿಲ್ಲದ ತುದಿ. ಅದನ್ನು ಸೂಪಿಗೆ ಬಳಸುತ್ತಾರೆ, ಇಲ್ಲವೆ ಅದನ್ನೂ ತಿನ್ನುವ ಪೂರ್ವ ಏಷ್ಯಾದ ಮಾರುಕಟ್ಟೆಗಳಿಗೆ ಕಳುಹಿಸುತ್ತಾರೆ.

ಡ್ರಮ್ ಪಕ್ಷದವರ ವಾದ ಸರಳ. ಅದರಲ್ಲಿ ಮಾಂಸ ಹೆಚ್ಚು, ಹಿಡಿಯಲು ಒಂದು ಹಿಡಿಕೆಯಿದೆ, ತಿನ್ನುವುದು ಸುಲಭ. ಫ್ಲ್ಯಾಟ್ ಪಕ್ಷದವರ ವಾದ ಸ್ವಲ್ಪ ಸೂಕ್ಷ್ಮವಾದದ್ದು. ಆ ತುಂಡಿನಲ್ಲಿ ಮಾಂಸಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಆದುದರಿಂದ ಗರಿಗರಿ ಹೆಚ್ಚು, ಸಾಸು ಹಿಡಿಯುವ ಜಾಗವೂ ಹೆಚ್ಚು. ಎರಡು ಮೂಳೆಗಳ ನಡುವಿನ ಮಾಂಸವು ಒಣಗದೆ ಮೃದುವಾಗಿ ಉಳಿಯುತ್ತದೆ. ಅನುಭವಿಗಳು ಒಂದು ಮೂಳೆಯನ್ನು ತಿರುಚಿ ಎಳೆದು, ಉಳಿದದ್ದನ್ನು ಒಂದೇ ತುತ್ತಿಗೆ ಮುಗಿಸುತ್ತಾರೆ. ರುಚಿಯ ದೃಷ್ಟಿಯಿಂದ ಮಾತ್ರ ತೂಗಿದರೆ ಫ್ಲ್ಯಾಟ್ ಪಕ್ಷದ ವಾದವೇ ಬಲವಾದದ್ದೆಂದು ಹೇಳಬೇಕಾಗುತ್ತದೆ. ಆದರೆ ಹೋಟೆಲಿನ ಮಾಲೀಕನಿಗೆ ಆ ಪಕ್ಷವೇ ದುಬಾರಿ. ಹೇಗೆಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು.

ಒಂದು ಹೋಟೆಲಿಗೆ 20 ಗಿರಾಕಿಗಳು ಬರುತ್ತಾರೆ. ಪ್ರತಿಯೊಬ್ಬರಿಗೂ 10 ತುಂಡು. ಎಲ್ಲರೂ ಅರ್ಧ ಡ್ರಮ್, ಅರ್ಧ ಫ್ಲ್ಯಾಟ್ ಒಪ್ಪಿದರೆ 100 ರೆಕ್ಕೆ ಸಾಕು, ಏನೂ ಉಳಿಯುವುದಿಲ್ಲ. ಆದರೆ 8 ಮಂದಿ ತಮಗೆ ಫ್ಲ್ಯಾಟ್ ಮಾತ್ರ ಬೇಕೆಂದು ಹಟ ಹಿಡಿದರೆ, ಅವರಿಗೆ 80 ಮತ್ತು ಉಳಿದ 12 ಮಂದಿಗೆ 60, ಒಟ್ಟು 140 ಫ್ಲ್ಯಾಟ್ ಬೇಕು. ಆದ್ದರಿಂದ 140 ರೆಕ್ಕೆಗಳನ್ನು ಕತ್ತರಿಸಬೇಕು. ಡ್ರಮ್‌ಗಳಲ್ಲಿ ಖರ್ಚಾಗುವುದು 60 ಮಾತ್ರ, 80 ಉಳಿಯುತ್ತವೆ. ರೆಕ್ಕೆಯೊಂದಕ್ಕೆ 20 ರೂ.ಗಳಂತೆ ಹೆಚ್ಚುವರಿ 40 ರೆಕ್ಕೆಗಳಿಗೆ 800 ರೂ. ಖರ್ಚಾಯಿತು. ಉಳಿದ ಡ್ರಮ್‌ಗಳು ಬೇರೆ ತಿನಿಸಾಗಿ ತಲಾ 10 ರೂ.ಗೆ ವಿನಿಯೋಗವಾದರೆ ಲೆಕ್ಕ ಸರಿಹೋಯಿತು. 6 ರೂ. ಮಾತ್ರ ಬಂದರೆ 320 ರೂ. ನಷ್ಟ, ಅಂದರೆ ಹಟ ಹಿಡಿದ ಪ್ರತಿ ಗಿರಾಕಿಯಿಂದ 40 ರೂ. ‘ಫ್ಲ್ಯಾಟ್ ಮಾತ್ರ’ ಎಂದು ಕೇಳುವವರಿಂದ ಅಮೆರಿಕದ ಅನೇಕ ಹೋಟೆಲುಗಳು ಹೆಚ್ಚಿನ ಹಣ ಪಡೆಯುತ್ತವೆ. ಗಿರಾಕಿಗಳು ಇದನ್ನು ಸುಲಿಗೆಯೆಂದು ಗೊಣಗುತ್ತಾರೆ. ಆದರೆ ಆ 40 ರೂ. ಲಾಭವಲ್ಲ, ಜೋಡಿ ಮುರಿದುದರ ವೆಚ್ಚ ಮಾತ್ರ.

ಜಪಾನಿನವರು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಹೆಗಲ ತುಂಡು ‘ತೆಬಾಮೊತೊ’ ಎಂಬ ಹೆಸರಿನಲ್ಲಿಯೂ, ನಡುವಿನ ತುಂಡು ತುದಿಯೊಡನೆ ‘ತೆಬಾಸಾಕಿ’ ಎಂಬ ಹೆಸರಿನಲ್ಲಿಯೂ ಬೇರೆ ಬೇರೆ ಸರಕುಗಳಾಗಿ ಮಾರಾಟವಾಗುತ್ತವೆ. ನಗೋಯಾ ನಗರದ ಪ್ರಸಿದ್ಧ ತಿನಿಸು ತೆಬಾಸಾಕಿಯದೇ. ಹಾಂಗ್‌ಕಾಂಗ್ ಮತ್ತು ಚೀನಾದಲ್ಲಿಯೂ ನಡುವಿನ ತುಂಡು ಪ್ರತ್ಯೇಕವಾಗಿ ದೊರೆಯುತ್ತದೆ. ತುಂಡಿಗೆ ತನ್ನದೇ ಹೆಸರು, ತನ್ನದೇ ಬೆಲೆ ಇದ್ದಲ್ಲಿ ಹೆಚ್ಚು ಬಯಸಿದವನು ಹೆಚ್ಚು ತೆರುತ್ತಾನೆ. ಹೋಟೆಲಿನವನು ಗಿರಾಕಿಯೊಡನೆ ವಾದಿಸಬೇಕಾಗಿಲ್ಲ. ಅಮೆರಿಕದಲ್ಲಿ ಎರಡನ್ನೂ ‘ರೆಕ್ಕೆ’ ಎಂಬ ಒಂದೇ ಹೆಸರಿನಲ್ಲಿ, ಒಂದೇ ದರದಲ್ಲಿ ಮಾರುವ ರೂಢಿಯೇ ಜಗಳದ ಮೂಲ.

ಕರಿಯುವ ಬಗೆ

ಬಫಲೋ ಪದ್ಧತಿಯಲ್ಲಿ ಹೊದಿಕೆಯಿಲ್ಲ, ಚರ್ಮವೇ ಗರಿಗರಿಯಾಗಬೇಕು. ಕರಿದ ಮೇಲೆ ಬೆಣ್ಣೆ ಮತ್ತು ಕೆಂಪು ಮೆಣಸಿನ ಹುಳಿ-ಖಾರದ ಸಾಸಿನಲ್ಲಿ ಹೊರಳಿಸಿ ಕೂಡಲೇ ಬಡಿಸಬೇಕು. ಹೊದಿಕೆಯಿರುವ ರೆಕ್ಕೆ ಸಾಸನ್ನು ಹೆಚ್ಚು ಹೀರುತ್ತದೆ, ಬೇಗ ಮೆತ್ತಗಾಗುತ್ತದೆ; ಆದರೆ ಹಿಟ್ಟಿನ ತೂಕದಿಂದ ತಟ್ಟೆ ತುಂಬಿದಂತೆ ಕಾಣುತ್ತದೆ. ಅಟ್ಲಾಂಟಾ ನಗರದವರು ನಿಂಬೆ ಮತ್ತು ಕರಿಮೆಣಸಿನ ಒಣ ಮಸಾಲೆಯನ್ನು ಮೆಚ್ಚುತ್ತಾರೆ. ಕೊರಿಯಾದವರು ಪಿಷ್ಟದ ತೆಳು ಹೊದಿಕೆ ಹಚ್ಚಿ ಎರಡು ಬಾರಿ ಕರಿಯುತ್ತಾರೆ. ಮೊದಲ ಬಾರಿ ಮಾಂಸ ಬೇಯುತ್ತದೆ, ನಡುವೆ ಆರಲು ಬಿಟ್ಟಾಗ ಒಳಗಿನ ತೇವ ಮೇಲಕ್ಕೆ ಬರುತ್ತದೆ, ಎರಡನೆಯ ಬಾರಿ ಆ ತೇವ ಆವಿಯಾಗಿ ಹೊದಿಕೆ ಗಟ್ಟಿಯಾಗುತ್ತದೆ. 1991ರಲ್ಲಿ ಗುಮಿ ನಗರದಲ್ಲಿ ಆರಂಭವಾದ ಕ್ಯೊಚೊನ್ ಮೊದಲಾದ ಸಂಸ್ಥೆಗಳು ಸೋಯಾ-ಬೆಳ್ಳುಳ್ಳಿಯ ಲೇಪದ ಇಂತಹ ಕೋಳಿಯನ್ನು ಮನೆಮನೆಗೆ ತಲುಪಿಸಿ ಬೆಳೆದವು.

ಪಾರ್ಸೆಲ್ ವ್ಯಾಪಾರದಲ್ಲಿ ಈ ಭೇದಕ್ಕೆ ಹೆಚ್ಚಿನ ಮಹತ್ವವಿದೆ. ಸಾಸಿನಲ್ಲಿ ಮುಳುಗಿದ ರೆಕ್ಕೆಯು ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆ ಕಳೆದರೆ ಮೆತ್ತಗಾಗುತ್ತದೆ. ಒಣ ಮಸಾಲೆಯದೂ ಎರಡು ಬಾರಿ ಕರಿದದ್ದೂ ತಾಳುತ್ತವೆ. ಆದರೆ ಎರಡು ಬಾರಿ ಕರಿಯಲು ಇಂಧನ, ಎಣ್ಣೆ, ಕೆಲಸಗಾರರ ಸಮಯ ಎಲ್ಲವೂ ಹೆಚ್ಚು. ಬೇರ್ಪಟ್ಟ ನಂತರದ ಈ ಹೆಚ್ಚುವರಿ ಖರ್ಚನ್ನು ಹೆಚ್ಚುವರಿ ಮಾರಾಟ ಬೆಲೆಯೊಡನೆ ಮಾತ್ರ ಹೋಲಿಸಬೇಕು. ಕೋಳಿಯ ಖರೀದಿ ಬೆಲೆಯನ್ನು ಈ ತುಲನೆಗೆ ಎಳೆದು ತರುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದು ಹೇಗೂ ಖರ್ಚಾಗಿಹೋದ ಹಣ.

ಜಂಟಿ ವೆಚ್ಚವನ್ನು ಹಂಚುವ ಬಗೆ

ಒಂದು ಸಂಸ್ಕರಣಾ ಘಟಕವು 1,20,000 ರೂ. ವೆಚ್ಚದಲ್ಲಿ 1000 ಕಿಲೋ ಶುಚಿಗೊಳಿಸಿದ ಮಾಂಸವನ್ನು ಪಡೆಯಿತೆಂದು ಭಾವಿಸೋಣ. ಎದೆ 350 ಕಿಲೋ, ದರ 200 ರೂ.; ಕಾಲು 350 ಕಿಲೋ, ದರ 160 ರೂ.; ರೆಕ್ಕೆ 100 ಕಿಲೋ, ದರ 100 ರೂ.; ಬೆನ್ನು, ಕುತ್ತಿಗೆ ಇತ್ಯಾದಿ 200 ಕಿಲೋ, ದರ 40 ರೂ. ಒಟ್ಟು ಮಾರಾಟ 1,44,000 ರೂ.; ಲಾಭ 24,000 ರೂ. ದರಗಳು ಉದಾಹರಣೆಗಾಗಿ ಮಾತ್ರ.

ತೂಕದ ಮೇಲೆ ಹಂಚಿದರೆ ಎಲ್ಲ ತುಂಡಿನ ವೆಚ್ಚವೂ ಕಿಲೋಗೆ 120 ರೂ. ಆಗ ಎದೆಯಲ್ಲಿ 28,000 ರೂ., ಕಾಲಿನಲ್ಲಿ 14,000 ರೂ. ಲಾಭ, ರೆಕ್ಕೆಯಲ್ಲಿ 2,000 ರೂ., ಬೆನ್ನು ಇತ್ಯಾದಿಯಲ್ಲಿ 16,000 ರೂ. ನಷ್ಟ. ಈ ಪಟ್ಟಿಯನ್ನು ನೋಡಿ ಮಾಲೀಕನು ‘ನಷ್ಟದ ರೆಕ್ಕೆಯನ್ನು ಮಾರುವುದು ಬೇಡ’ ಎಂದು ನಿರ್ಧರಿಸಿದರೆ 10,000 ರೂ.ಗಳ ಮಾರಾಟವನ್ನು ಕಳೆದುಕೊಳ್ಳುತ್ತಾನೆ, ವೆಚ್ಚದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ.

ಮಾರಾಟ ಮೌಲ್ಯದ ಮೇಲೆ ಹಂಚಿದರೆ ಪ್ರತಿ ನೂರು ರೂ. ಮಾರಾಟಕ್ಕೆ 83.33 ರೂ. ವೆಚ್ಚ. ರೆಕ್ಕೆಯ ವೆಚ್ಚ ಕಿಲೋಗೆ 83.33 ರೂ., ಎದೆಯದು 166.67 ರೂ. ಎಲ್ಲ ತುಂಡುಗಳಲ್ಲಿಯೂ ಸಮಾನ ಪ್ರಮಾಣದ ಲಾಭ ಕಾಣುತ್ತದೆ. ಈಗ ರೆಕ್ಕೆಯ ದರ 240 ರೂ.ಗೆ ಏರಿತೆನ್ನೋಣ. ಒಟ್ಟು ಮಾರಾಟ 1,58,000 ರೂ. ಆಗುತ್ತದೆ. ರೆಕ್ಕೆಯ ವೆಚ್ಚ ಕಿಲೋಗೆ ಸುಮಾರು 182 ರೂ.ಗೆ ಜಿಗಿಯುತ್ತದೆ, ಎದೆಯ ವೆಚ್ಚ ಸುಮಾರು 152 ರೂ.ಗೆ ಇಳಿಯುತ್ತದೆ. ಎದೆಮಾಂಸಕ್ಕೆ ಏನೂ ಆಗಿಲ್ಲ. ಕೋಳಿಯ ಬೆಲೆ ಬದಲಾಗಿಲ್ಲ. ಯಾವುದೋ ಊರಿನ ಜನರಿಗೆ ರೆಕ್ಕೆಯ ಮೇಲೆ ಆಸೆ ಹೆಚ್ಚಿದ್ದರಿಂದ ಪುಸ್ತಕದಲ್ಲಿ ಎದೆ ಅಗ್ಗವಾಯಿತು. ಹಂಚಿಕೆಯ ಅಂಕಿಗಳು ದಾಸ್ತಾನಿನ ಮೌಲ್ಯಮಾಪನಕ್ಕೆ ಬೇಕಾದವು. ಅವುಗಳಿಂದ ಮಾರಾಟ ದರವನ್ನು ನಿಗದಿಪಡಿಸಲು ಹೊರಟರೆ ದರದಿಂದ ವೆಚ್ಚ, ವೆಚ್ಚದಿಂದ ದರ ಎಂಬ ಸುತ್ತು ತಿರುಗಬೇಕಾಗುತ್ತದೆ.

ಇಂತಹ ಏರಿಕೆ ಬರಿಯ ಊಹೆಯಲ್ಲ. ಕೋವಿಡ್ ಕಾಲದಲ್ಲಿ ಪಾರ್ಸೆಲ್ ವ್ಯಾಪಾರ ಹೆಚ್ಚಿದುದರಿಂದ 2021ರಲ್ಲಿ ಅಮೆರಿಕದ ಸಗಟು ಮಾರುಕಟ್ಟೆಯಲ್ಲಿ ರೆಕ್ಕೆಯ ದರ ಪೌಂಡಿಗೆ 3 ಡಾಲರ್ ದಾಟಿತು. ಎದೆಮಾಂಸಕ್ಕಿಂತ ರೆಕ್ಕೆ ದುಬಾರಿಯಾಯಿತು. ಅದೇ ವರ್ಷದ ಜೂನ್‌ನಲ್ಲಿ ವಿಂಗ್‌ಸ್ಟಾಪ್ ಸಂಸ್ಥೆಯು ‘ಥೈಸ್ಟಾಪ್’ ಎಂಬ ಹೆಸರಿನಲ್ಲಿ ತೊಡೆಯ ಮಾಂಸವನ್ನು ಮಾರಲು ತೊಡಗಿತು. ಮರುವರ್ಷ ದರ ಬಹಳ ಕೆಳಗಿಳಿಯಿತು. ರೆಕ್ಕೆಯೊಂದನ್ನೇ ನೆಚ್ಚಿದವರಿಗೆ ಈ ಏರಿಳಿತ ನುಂಗಲಾರದ ತುತ್ತು.

ಎಲುಬಿಲ್ಲದ ‘ರೆಕ್ಕೆ’

ರೆಕ್ಕೆಯ ಕೊರತೆಗೆ ಅಮೆರಿಕದ ಹೋಟೆಲುಗಳು ಕಂಡುಕೊಂಡ ಇನ್ನೊಂದು ಉಪಾಯ ‘ಬೋನ್‌ಲೆಸ್ ವಿಂಗ್ಸ್’. ಹೆಸರಿನಲ್ಲಿ ರೆಕ್ಕೆಯಿದ್ದರೂ ವಸ್ತುವಿನಲ್ಲಿ ಅದು ಸಾಮಾನ್ಯವಾಗಿ ಎದೆಮಾಂಸದ ತುಂಡು. ಹೊದಿಕೆ ಹಚ್ಚಿ ಕರಿದು, ರೆಕ್ಕೆಗೆ ಬಳಸುವ ಸಾಸನ್ನೇ ಹಚ್ಚುತ್ತಾರೆ. ಎದೆಮಾಂಸ ಯಥೇಚ್ಛವಾಗಿ ದೊರೆಯುವುದರಿಂದ ಪೂರೈಕೆಯ ಚಿಂತೆಯಿಲ್ಲ. ಮೂಳೆಯ ತೂಕಕ್ಕೆ ಹಣ ಕೊಡಬೇಕಾಗಿಲ್ಲ. ಕಟ್ಟಾ ರೆಕ್ಕೆಪ್ರಿಯರು ಇದನ್ನು ರೆಕ್ಕೆಯೆಂದೇ ಒಪ್ಪುವುದಿಲ್ಲ. ಅವರ ವಾದದಲ್ಲಿ ಹುರುಳಿದೆ, ಏಕೆಂದರೆ ಚರ್ಮ, ಮೂಳೆಗಳಿಲ್ಲದೆ ರೆಕ್ಕೆಯ ರುಚಿಯಿಲ್ಲ.

ಈ ವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಹಾಯೊ ರಾಜ್ಯದ ಹೋಟೆಲೊಂದರಲ್ಲಿ 2016ರಲ್ಲಿ ಎಲುಬಿಲ್ಲದ ರೆಕ್ಕೆಯನ್ನು ತಿಂದ ಗಿರಾಕಿಯೊಬ್ಬರ ಅನ್ನನಾಳದಲ್ಲಿ ಮೂಳೆಯೊಂದು ಸಿಲುಕಿ ಗಂಭೀರ ಸೋಂಕಾಯಿತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 25ರಂದು 4–3ರ ಬಹುಮತದಿಂದ ಗಿರಾಕಿಯ ವಿರುದ್ಧ ತೀರ್ಪಿತ್ತಿತು. ‘ಎಲುಬಿಲ್ಲದ ರೆಕ್ಕೆ’ ಎಂಬುದು ಅಡುಗೆಯ ಬಗೆಯನ್ನು ಸೂಚಿಸುವ ಹೆಸರೇ ಹೊರತು ಮೂಳೆ ಇರುವುದಿಲ್ಲವೆಂಬ ಭರವಸೆಯಲ್ಲ. ಕೋಳಿಗೆ ಮೂಳೆಯಿರುವುದು ಎಲ್ಲರಿಗೂ ತಿಳಿದ ಸಂಗತಿ ಎಂಬುದು ಬಹುಮತದ ಅಭಿಪ್ರಾಯ. ಮೂವರು ನ್ಯಾಯಮೂರ್ತಿಗಳು ಇದನ್ನು ಒಪ್ಪದೆ, ಇಂತಹ ಪ್ರಶ್ನೆಯನ್ನು ಜ್ಯೂರಿಯ ಮುಂದೆ ಇಡಬೇಕಾಗಿತ್ತೆಂದರು. ಸಾಮಾನ್ಯ ವರ್ತಕನ ಕಿವಿಗೆ ಭಿನ್ನಮತವೇ ಹೆಚ್ಚು ಸಹಜವಾಗಿ ಕೇಳಿಸೀತು.

ಭಾರತದಲ್ಲಿ ಯಾರೂ ಈ ತೀರ್ಪನ್ನು ನೆಚ್ಚಿಕೊಳ್ಳತಕ್ಕದ್ದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಅಧಿನಿಯಮದ 52ನೆಯ ಕಲಮಿನಂತೆ ತಪ್ಪು ಹೆಸರಿನ ಅಥವಾ ತಪ್ಪು ಲೇಬಲಿನ ಆಹಾರಕ್ಕೆ 3 ಲಕ್ಷ ರೂ.ವರೆಗೆ, 53ನೆಯ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಇದಕ್ಕೆ ಹೊರತಾಗಿದೆ. ಹೆಪ್ಪುಗಟ್ಟಿಸಿದ ತಿನಿಸುಗಳನ್ನು ಪೊಟ್ಟಣದಲ್ಲಿ ಮಾರುವ ಸಣ್ಣ ತಯಾರಕರು ಎದೆಮಾಂಸಕ್ಕೆ ರೆಕ್ಕೆಯ ಹೆಸರಿಡುವ ಮೊದಲು ಲೇಬಲಿನಲ್ಲಿ ವಸ್ತುವನ್ನು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

ನಮ್ಮ ತಟ್ಟೆ

ಅಭಿರುಚಿಯು ದೇಶದಿಂದ ದೇಶಕ್ಕೆ ಬೇರೆಯಾದಾಗ ತುಂಡುಗಳು ಸಮುದ್ರ ದಾಟುತ್ತವೆ. ಅಮೆರಿಕದವರಿಗೆ ಎದೆ ಪ್ರಿಯ. ಕಾಲು ಅಲ್ಲಿ ಅಗ್ಗ. ನಮ್ಮಲ್ಲಿ ಲೆಗ್ ಪೀಸಿಗೇ ಮರ್ಯಾದೆ. ಅಲ್ಲಿ ಹೆಚ್ಚಾದ ಕಾಲುಗಳು ಇಲ್ಲಿಗೆ ಬಂದರೆ ಇಲ್ಲಿನ ಸಾಕಣೆದಾರರ ಗತಿಯೇನೆಂಬ ಆತಂಕ ಹಳೆಯದು. ಹಕ್ಕಿಜ್ವರದ ಕಾರಣ ನೀಡಿ ಭಾರತವು ವಿಧಿಸಿದ್ದ ಆಮದು ನಿರ್ಬಂಧವನ್ನು ಅಮೆರಿಕವು 2012ರಲ್ಲಿ ವಿಶ್ವ ವಾಣಿಜ್ಯ ಸಂಘಟನೆಯಲ್ಲಿ ಪ್ರಶ್ನಿಸಿತು. 2015ರ ಜೂನ್‌ನಲ್ಲಿ ಮೇಲ್ಮನವಿಯಲ್ಲಿಯೂ ಭಾರತಕ್ಕೆ ಸೋಲಾಯಿತು. ಕಾಲಿಗೆ ಒಂದು ದೇಶದಲ್ಲಿ ಬೆಲೆಯಿಲ್ಲದಿರುವುದು ಇನ್ನೊಂದು ದೇಶದ ರೈತನ ತಲೆನೋವಾಗುವ ಬಗೆ ಇದು.

ರೆಕ್ಕೆಯ ಮಟ್ಟಿಗೆ ನಮ್ಮವರು ಹಿಂದೆ ಬಿದ್ದಿಲ್ಲ. ಬಾರು, ಹೋಟೆಲುಗಳಲ್ಲಿ ದೊರೆಯುವ ಚಿಕನ್ ಲಾಲಿಪಾಪ್ ರೆಕ್ಕೆಯ ತುಂಡಲ್ಲದೆ ಬೇರೆಯಲ್ಲ. ಮಾಂಸವನ್ನು ಮೂಳೆಯ ಒಂದು ತುದಿಗೆ ಸರಿಸಿ ಗುಂಡಾಗಿಸಿದ್ದು. ಎರಡು ಮೂಳೆಯ ನಡುತುಂಡಿನಿಂದಲೂ ಒಂದು ಮೂಳೆಯನ್ನು ಕಿತ್ತು ಅದೇ ಆಕಾರ ತರಬಹುದು. ಆಗ ಡ್ರಮ್, ಫ್ಲ್ಯಾಟ್ ಎಂಬ ಭೇದವೇ ತಟ್ಟೆಯಲ್ಲಿ ಅಳಿದುಹೋಗುತ್ತದೆ. ಈ ಉಪಾಯಕ್ಕೆ ತಗಲುವುದು ಕೈಕೆಲಸ ಮಾತ್ರ, ಮತ್ತು ಅದು ಇಲ್ಲಿ ಅಮೆರಿಕಕ್ಕಿಂತ ಅಗ್ಗ.

ಅಕ್ಕಿ ಗಿರಣಿಯ ತೌಡು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ಮತ್ತು ಕಾಕಂಬಿ, ತೆಂಗಿನ ಚಿಪ್ಪು ಮತ್ತು ನಾರು ಇವೆಲ್ಲವೂ ರೆಕ್ಕೆಯ ಹಾದಿಯಲ್ಲಿಯೇ ನಡೆದು ಬಂದ ಸರಕುಗಳು. ದಾಸ್ತಾನು ಮೌಲ್ಯಮಾಪನಕ್ಕೆ ಸಂಬಂಧಿಸಿದ 2ನೆಯ ಲೆಕ್ಕಪತ್ರ ಮಾನಕದ ಪ್ರಕಾರ ನಗಣ್ಯವಾದ ಉಪಉತ್ಪನ್ನವನ್ನು ನಿವ್ವಳ ವಸೂಲಿ ಮೌಲ್ಯದಲ್ಲಿ ಅಳೆದು ಆ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬೇಕು. ಅದು ನಗಣ್ಯವಾಗಿ ಉಳಿಯದೆ ಜಂಟಿ ಉತ್ಪನ್ನವಾದರೆ, ಬೇರ್ಪಡುವ ಹಂತದ ಮಾರಾಟ ಮೌಲ್ಯದಂತಹ ತರ್ಕಬದ್ಧವಾದ, ವರ್ಷದಿಂದ ವರ್ಷಕ್ಕೆ ಬದಲಾಗದ ಆಧಾರದ ಮೇಲೆ ವೆಚ್ಚವನ್ನು ಹಂಚಬೇಕು. (ಉತ್ಪಾದಕರ ಬಳಿಯಿರುವ ಜೀವಂತ ಜಾನುವಾರುಗಳಿಗೆ ಈ ಮಾನಕ ಅನ್ವಯಿಸದು, ಕೋಳಿಯನ್ನು ಕೊಂಡು ಸಂಸ್ಕರಿಸುವವರಿಗೆ ಅನ್ವಯಿಸುತ್ತದೆ.) ಹತ್ತು ವರ್ಷಗಳ ಹಿಂದೆ ಉಪಉತ್ಪನ್ನವೆಂದು ಬರೆದಿಟ್ಟದ್ದನ್ನು ಹಾಗೆಯೇ ಮುಂದುವರಿಸಿಕೊಂಡು ಬಂದಿರುವ ಘಟಕಗಳು ಕಡಿಮೆಯೇನಿಲ್ಲ. ಮಾರ್ಚ್ 31ರ ದಾಸ್ತಾನು ಪಟ್ಟಿಯನ್ನು ಸಿದ್ಧಪಡಿಸುವ ಮುನ್ನ ಅಂತಹ ಸರಕಿನ ಕಳೆದ ಮೂರು ವರ್ಷಗಳ ಮಾರಾಟ ಮೊತ್ತವನ್ನು ಒಟ್ಟು ವಹಿವಾಟಿನೊಡನೆ ಹೋಲಿಸಿ ನೋಡಬೇಕು. ವರ್ಗೀಕರಣವನ್ನು ಬದಲಾಯಿಸಿದಲ್ಲಿ, ಬದಲಾವಣೆಯನ್ನೂ ಅದರಿಂದ ಲಾಭದ ಮೇಲಾದ ಪರಿಣಾಮವನ್ನೂ ಲೆಕ್ಕಪತ್ರಗಳ ಟಿಪ್ಪಣಿಯಲ್ಲಿ ತೋರಿಸತಕ್ಕದ್ದು.